ಶುಕ್ರವಾರದ ಮುಲಾಮು

ಶನಿವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಮ್ಮ ಶಿಶುವಿಹಾರದಲ್ಲಿ ಮಕ್ಕಳ ರೋಗವನ್ನು ವಾಸಿ ಮಾಡುತ್ತಿಲ್ಲ, ಅಡಗಿಸಿಡುತ್ತಿದ್ದಾರೆ. ಕುಶಲ ಕೇಳುವ ಮೊದಲೇ ಇದನ್ನು ಬರೆದೆ, ಯಾಕೆಂದರೆ ಆ ಮಕ್ಕಳಲ್ಲಿ ನಿನ್ನ ಮಗಳೂ ಒಬ್ಬಳು. ಹೆದರಬೇಡ. ಬುಗುರಿ ಹಾಲು ಕುಡಿಯುತ್ತಾಳೆ, ನಗುತ್ತಾಳೆ, ಮಲಗಿಸಿದಲ್ಲೇ ಸುತ್ತಿ ತಲೆಯಿದ್ದ ಕಡೆಗೆ ಕಾಲು ತರುತ್ತಾಳೆ; ನಾವಿಟ್ಟ ಅಡ್ಡಹೆಸರಿಗೆ ಮೋಸ ಮಾಡಿಲ್ಲ. ಮೂರು ವಾರ ಕಾಗದ ಬರೆಯದ ತಪ್ಪು ನನ್ನದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಎರಡನೇ ಮಾತಿಗೇ ಅಡ್ಡಬಾಯಿ ಹಾಕುತ್ತೀಯ, ಮೂರನೆಯದಕ್ಕೆ ನಾನು ಕಿರುಚುತ್ತೇನೆ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ನೀನು ರೈಲ್ವೆಯ ಸಿಗ್ನಲ್ ತರಬೇತಿಗೆ ಹೋಗಿ ಹತ್ತು ವಾರವಾಯಿತು. ಹೋಗುವಾಗ, "ನೀನೇ ಅಲ್ಲಿ ಆಯಾ ಆಗಿದ್ದೀಯಲ್ಲ, ನನಗೇನು ಚಿಂತೆ" ಅಂದಿದ್ದೆ. ಆ ಮಾತಿಗೆ ಲೆಕ್ಕ ಕೊಡಲು ಈಗ ಕೂತಿದ್ದೇನೆ.

ಪ್ರತಿ ಸೋಮವಾರ ತಪಾಸಣೆಯವರು ಬರುತ್ತಾರೆ. ಹನ್ನೆರಡು ತೊಟ್ಟಿಲುಗಳ ಮುಂದೆ ನಡೆದು, ಬಾಗಿಲ ಮೇಲಿನ ಹಲಗೆಯಲ್ಲಿ 'ಚರ್ಮದ ತೊಂದರೆ: ಇಲ್ಲ' ಎಂದು ಬರೆದು ಹೋಗುತ್ತಾರೆ. ಆ 'ಇಲ್ಲ' ಉಳಿಯಲಿ ಅಂತ ನಮ್ಮ ಮೇಲ್ವಿಚಾರಕಿ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಅವರಿಗೆ ನಾವು ಇಟ್ಟ ಹೆಸರು ಇಸ್ತ್ರಿ. ಅವರ ಕೋಟು ಮಡಿಕೆ ಬಿದ್ದಿದ್ದನ್ನು ಕಂಡವರಿಲ್ಲ. ಶುಕ್ರವಾರ ಮಧ್ಯಾಹ್ನ ಇಸ್ತ್ರಿ ಬೀರುವಿನಿಂದ ಒಂದು ಟ್ಯೂಬು ತೆಗೆಯುತ್ತಾರೆ. ಯಾವ ಮಗುವಿನ ತೊಡೆಸಂದಿ ಕೆಂಪಗಿದೆಯೋ ಅದಕ್ಕೆಲ್ಲ ಬಳಿಯಬೇಕು. ಹಚ್ಚುವವರು ನಾವು, ಹಚ್ಚಿಸುವವರು ಅವರು. ಶನಿವಾರ, ಭಾನುವಾರ ತಾಯಂದಿರೂ ಮನೆಯಲ್ಲಿ ಹಚ್ಚಲಿ ಅಂತ ಸಣ್ಣ ಡಬ್ಬಿಯಲ್ಲಿ ಕೊಟ್ಟು ಕಳಿಸುತ್ತಾರೆ. ಸೋಮವಾರಕ್ಕೆ ಎಲ್ಲ ಮಕ್ಕಳೂ ಸ್ವಚ್ಛ. ಬುಧವಾರಕ್ಕೆ ಮತ್ತೆ ಕೆಂಪು, ಮೊದಲಿಗಿಂತ ಅಗಲ. ಮತ್ತೆ ಶುಕ್ರವಾರ.

ಬುಗುರಿಗೆ ಎಂಟು ಶುಕ್ರವಾರ ಹೀಗೇ ಕಳೆದವು. ಮೊನ್ನೆ ಗುರುವಾರ ಬಟ್ಟೆ ಬದಲಿಸುವಾಗ ನೋಡುತ್ತೇನೆ, ಅವಳ ತೊಡೆಯ ಚರ್ಮ ಈರುಳ್ಳಿಯ ಒಳಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಕೆಳಗಿನ ನೀಲಿ ನರ ಎಣಿಸಬಹುದಿತ್ತು. ಇಸ್ತ್ರಿಯನ್ನು ಕೇಳದೆ, ಅವಳನ್ನು ಹೆಗಲಿಗೆ ಹಾಕಿಕೊಂಡು ನೇರ ದೊಡ್ಡ ಆಸ್ಪತ್ರೆಗೆ ನಡೆದೆ.

ಚರ್ಮದ ವೈದ್ಯೆ ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾರೆ. ಮೊದಲು ಬುಗುರಿಯ ಹತ್ತಿರ ಮಾತಾಡಿದರು. "ಏನಮ್ಮ ಯಜಮಾನಿ, ಯಾರು ನಿನಗೆ ಬಣ್ಣ ಬಳಿದಿದ್ದು?" ಆಮೇಲೆ ತೊಡೆಯ ಮಡಿಕೆಯನ್ನು ಬೆರಳಿಂದ ಬಿಡಿಸಿ ತೋರಿಸಿದರು.

"ಒದ್ದೆ ಬಟ್ಟೆಯಿಂದ ಆದ ಕೆಂಪು ಉಬ್ಬಿದ ಜಾಗದಲ್ಲಿರುತ್ತೆ, ಮಡಿಕೆ ಒಳಗೆ ಸಾಮಾನ್ಯವಾಗಿ ಹೋಗಲ್ಲ. ಇದು ಮಡಿಕೆ ಒಳಗೇ ಮನೆ ಮಾಡಿದೆ. ಅಂಚಿನಾಚೆ ಚಿಲ್ಲರೆ ಚುಕ್ಕಿ ನೋಡು. ಶಿಲೀಂಧ್ರ, ಅಂದ್ರೆ ಬೂಷ್ಟು. ಹಾಗಂತ ನನ್ನ ಅನುಮಾನ."

"ಅನುಮಾನ ಯಾಕೆ ಡಾಕ್ಟ್ರೇ, ಕಾಣ್ತಿದೆಯಲ್ಲ?"

"ಏನೋ ಹಚ್ಚಿ, ಓದ್ಬೇಕಾದ ಕಾಗದಕ್ಕೆ ರಬ್ಬರ್ ಉಜ್ಜಿ ತಂದಿದ್ದೀಯ. ಅರ್ಧಂಬರ್ಧ ಕಾಣ್ತಿದೆ."

ಮೊಂಡು ಬ್ಲೇಡಿನಿಂದ ಅಂಚನ್ನು ಮೆಲ್ಲಗೆ ಕೆರೆದು, ಉದುರಿದ್ದನ್ನು ಗಾಜಿನ ಮೇಲಿಟ್ಟು, ಒಂದು ತೊಟ್ಟು ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಖಚಿತವಾಗಿ ಏನೂ ಸಿಗಲಿಲ್ಲ. ಚೀಲದಲ್ಲಿದ್ದ ಡಬ್ಬಿ ತೆಗೆದು ಕೊಟ್ಟು ಮುಲಾಮಿನ ಹೆಸರು ಹೇಳಿದೆ. ಅವರ ಮುಖ ಬಿಗಿದುಕೊಂಡಿತು. ಆ ಟ್ಯೂಬಿನಲ್ಲಿ ಮೂರು ಔಷಧಿ ಬೆರೆತಿವೆಯಂತೆ. ಒಂದು ಬಲವಾದ ಸ್ಟೀರಾಯ್ಡ್. ಅದು ಕೆಂಪನ್ನು ಅಳಿಸುತ್ತೆ, ಬೂಷ್ಟನ್ನು ಬೆಳೆಯಲು ಬಿಡುತ್ತೆ, ಎಳೆಯ ಚರ್ಮವನ್ನು ಸವೆಸುತ್ತೆ. ಜೊತೆಗಿರುವ ಬೂಷ್ಟಿನ ಔಷಧಿ ಪರೀಕ್ಷೆಯನ್ನು ಕೆಡಿಸುವಷ್ಟು ಇದೆ, ಎರಡು ಮೂರು ದಿನ ಹಚ್ಚಿ ಬಿಟ್ಟರೆ ರೋಗ ಕೊಲ್ಲುವಷ್ಟು ಇಲ್ಲ. ಮೂರನೆಯದು ಬ್ಯಾಕ್ಟೀರಿಯಾಕ್ಕೆ, ಬೂಷ್ಟಿಗೆ ಅದು ಏನೂ ಮಾಡಲ್ಲ. ನಿನ್ನ ತರಬೇತಿಯ ಮಾತಲ್ಲಿ ಹೇಳುವುದಾದರೆ, ಹಳಿ ಮುರಿದಿದೆ ಅಂತ ಕೆಂಪು ದೀಪ ಉರಿದರೆ ಇವರು ದೀಪಕ್ಕೆ ಹಸಿರು ಬಣ್ಣ ಹಚ್ಚಿದ್ದಾರೆ.

"ಒಂದು ವಾರ ಏನೂ ಹಚ್ಚಬೇಡ," ಅಂದರು. "ಬರೀ ನೀರಲ್ಲಿ ತೊಳಿ, ಒತ್ತಿ ಒರೆಸು, ಗಾಳಿಗೆ ಬಿಡು. ಒದ್ದೆಯಾದ ತಕ್ಷಣ ಬಟ್ಟೆ ಬದಲಿಸು. ಪೌಡರ್ ಬೇಡ. ಮಗು ಮೊದಲಿಗಿಂತ ಕೆಂಪಾಗುತ್ತೆ. ಹೆದರಿ ಮತ್ತೆ ಅದನ್ನೇ ಹಚ್ಚಿದೆಯೋ, ಮೊದಲಿಂದ ಶುರು. ಜ್ವರ ಬಂದ್ರೆ, ಚರ್ಮ ಒಡೆದ್ರೆ ಮಾತ್ರ ಕಾಯಬೇಡ, ಓಡಿ ಬಾ. ಮುಂದಿನ ಗುರುವಾರ ಮತ್ತೆ ಕೆರೆದು ನೋಡಿ, ಬೂಷ್ಟಿಗೆ ಮಾತ್ರ ಇರೋ ಮುಲಾಮು ಕೊಡ್ತೀನಿ. ಕಣ್ಣಿಗೆ ಕಾಣದೆ ಹೋದ್ಮೇಲೂ ಒಂದು ವಾರ ಅದನ್ನ ಬಿಡೋ ಹಾಗಿಲ್ಲ."

ಚರ್ಮ ಬಹುಮಟ್ಟಿಗೆ ಮೊದಲಿನಂತಾಗುತ್ತೆ ಅಂತಲೂ ಹೇಳಿದರು. ಈ ವಾಕ್ಯವನ್ನು ಎರಡು ಸಲ ಓದಿಕೋ.

ನಿನ್ನೆ ಶುಕ್ರವಾರ ಇದನ್ನೆಲ್ಲ ಇಸ್ತ್ರಿಯ ಮುಂದೆ ಇಟ್ಟೆ. ಅವರು ತೋಳಿನ ಮೇಲಿಲ್ಲದ ಧೂಳು ಕೊಡವಿದರು.

"ನಾಲ್ಕು ಕರಪತ್ರ ಓದಿದೋರೆಲ್ಲ ಡಾಕ್ಟ್ರಾದ್ರೆ ನಮ್ಮಂಥೋರು ಎಲ್ಲಿಗೆ ಹೋಗೋಣ?"

"ಇದನ್ನ ಹೇಳಿದ್ದು ಡಾಕ್ಟ್ರೇ ಮೇಡಂ."

"ಡಾಕ್ಟ್ರು ಸೋಮವಾರ ಬಂದು ತಪಾಸಣೆಯೋರಿಗೆ ಉತ್ತರ ಕೊಡ್ತಾರಾ? ಕೆಂಪು ಮಗು ನನ್ನ ಕೋಣೇಲಿ ಬೇಡ. ಒಂದೋ ಹಚ್ಚು, ಇಲ್ಲ ಮನೇಲಿಟ್ಟುಕೋ."

ಎಲ್ಲ ಗೊತ್ತಾದ ಮೇಲೂ ಉಳಿದ ಮಕ್ಕಳಿಗೆ ಬಳಿಸಿದರು, ಅಕ್ಕ. ನನ್ನ ಕಣ್ಣೆದುರೇ. ಅರಿಯದೆ ಮಾಡಿದ್ದು ತಪ್ಪು, ಅರಿತು ಮಾಡಿದ್ದು ಅನ್ಯಾಯ. ಬುಗುರಿಯನ್ನು ಎತ್ತಿಕೊಂಡು ಹೊರಗೆ ಬಂದೆ. ಬಾಗಿಲಲ್ಲೇ ನಿಂತು, ಮಕ್ಕಳನ್ನು ಒಯ್ಯಲು ಬಂದ ತಾಯಂದಿರಿಗೆಲ್ಲ ಹೇಳಿದೆ. ಇಬ್ಬರು ಡಬ್ಬಿಯನ್ನು ಅಲ್ಲೇ ಕಸದ ತೊಟ್ಟಿಗೆ ಹಾಕಿದರು. ಒಬ್ಬಳು, "ಸೋಮವಾರ ಮಗೂನ ಒಳಗೆ ಬಿಡದಿದ್ರೆ ನೀನು ನೋಡಿಕೊಳ್ತೀಯಾ?" ಅಂತ ಕೇಳಿದಳು. ಹೂಂ ಅಂದುಬಿಟ್ಟಿದ್ದೇನೆ.

ಈಗ ಬುಗುರಿ ಕಿಟಕಿಯ ಪಕ್ಕ ಬರಿಮೈಯಲ್ಲಿ ಮಲಗಿದ್ದಾಳೆ. ವೈದ್ಯೆ ಹೇಳಿದ ಹಾಗೇ ಕೆಂಪಾಗಿದ್ದಾಳೆ. ಅಳು ಜಾಸ್ತಿ. ಹಚ್ಚಿಬಿಡಲಾ ಅಂತ ಕೈ ಹೋಗುತ್ತೆ. ಅದಕ್ಕೇ ಡಬ್ಬಿಯನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟು, ನಾನು ಕಾಲಿಗೆ ಬಿದ್ದರೂ ಕೊಡಬೇಡಿ ಅಂದಿದ್ದೇನೆ.

ಗುರುವಾರ ನೀನು ಒಂದು ದಿನದ ರಜೆ ಹಾಕಿ ಬರಬೇಕು. ತಾಯಿಯ ಸಹಿ ಇದ್ದರೆ ಈ ಮುಲಾಮಿನ ಬಗ್ಗೆ ವೈದ್ಯೆ ಮೇಲಿನವರಿಗೆ ವರದಿ ಬರೆಯುತ್ತಾರಂತೆ. ನಿನ್ನ ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ ಅಂತ ಹರಸುವಷ್ಟು ದೊಡ್ಡವಳಲ್ಲ ನಾನು. ಬುಗುರಿಯ ಕೈ ಹಿಡಿದು ಈ ಕಾಗದದ ಮೇಲೆ ಒತ್ತಿದ್ದೇನೆ, ಹರಕೆ ಅವಳದು.

ನಿನ್ನ ತಂಗಿ

ಮರೆತದ್ದು: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ಮೊದಲ ಟ್ಯೂಬು ತಂದವಳು ನಾನು. ನೀನು ಹೋದ ಎರಡನೇ ವಾರ ಬುಗುರಿಗೆ ಕೆಂಪಾದಾಗ ಔಷಧಿ ಅಂಗಡಿಯವನು ಮುಲಾಮಿನ ಜೊತೆ ಬಣ್ಣದ ಒಂದು ಕಿರುಹೊತ್ತಿಗೆ ಕೊಟ್ಟ. ಓದಿದೆ, ಹಚ್ಚಿದೆ, ಎರಡು ದಿನಕ್ಕೆ ಮಾಯ. ಇಸ್ತ್ರಿಗೂ ಎಲ್ಲ ಆಯಾಗಳಿಗೂ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಯ ಹಾಳೆಯಲ್ಲಿ ನಗುವ ಮಗುವಿನ ಚಿತ್ರ ಚೆನ್ನಾಗಿತ್ತು ಅಂತ ಕತ್ತರಿಸಿ ತೊಟ್ಟಿಲುಗಳ ಮೇಲಿನ ಗೋಡೆಗೆ ಅಂಟಿಸಿದೆ. ನಿನ್ನೆ ಸಿಟ್ಟಿನಲ್ಲಿ ಅದನ್ನು ಕಿತ್ತೆ. ಅಂಟು ಹಾಕಿದ್ದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಕೂಸುಗಳಿಗೆ ಬಳಸಬಾರದು' ಎಂದಿತ್ತು. ಎಂಟು ವಾರ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದವಳು ನಾನು. ವರದಿಯಲ್ಲಿ ಮೊದಲು ನನ್ನ ಹೆಸರೇ ಬರಬೇಕು. ವೈದ್ಯೆಗೆ ನಿನ್ನ ಎದುರೇ ಹೇಳುತ್ತೇನೆ. ನೀನು ಬಂದವಳೇ ಮೊದಲು ಬುಗುರಿಯನ್ನು ಎತ್ತಿಕೋ, ನನ್ನ ಮುಖ ಆಮೇಲೆ ನೋಡು. ದೊಡ್ಡ ಆಸ್ಪತ್ರೆ, ಚರ್ಮದ ವಿಭಾಗ, ಎರಡನೇ ಬಾಗಿಲ ಮುಂದಿನ ಬೆಂಚು. ಗುರುವಾರ, ಬೆಳಿಗ್ಗೆ ಒಂಬತ್ತೂವರೆ.