ಬೂಷ್ಟು ಎಂದು ಒರೆಸಿದ್ದು ನಮ್ಮ ಮುತ್ತಜ್ಜಿಯನ್ನು

ಹಳೇ ಕಟ್ಟಡಗಳ ಸಂರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಬಿಳಿಗೆರೆ ಪಕ್ಕದ ನಮ್ಮೂರ ಚರ್ಚನ್ನು 'ಮೂಲ ಸ್ವರೂಪಕ್ಕೆ' ತರುತ್ತೇವೆಂದು ಹೊರಟ ತಾವು, ಅದರ ಪಕ್ಕದ ಚಿಕ್ಕ ಬಾಗಿಲಿಗೆ ಇಟ್ಟಿಗೆ ಕಟ್ಟಿಸಲು ಆದೇಶ ಹೊರಡಿಸಿದ್ದೀರಿ. ಅದು ಆಮೇಲೆ ಯಾರೋ ಗೋಡೆ ಒಡೆದು ಇಟ್ಟ ಬಾಗಿಲಂತೆ. ಅದನ್ನು ಮುಚ್ಚಲು ನಾನು ಬಿಡುವುದಿಲ್ಲ.

ತಮ್ಮ ಆಧಾರವಾದರೂ ಏನು? ಚರ್ಚು ಕಟ್ಟಿದ ಹೊಸದರಲ್ಲಿ ತೆಗೆದ ಫೋಟೋ. ಬಹಳ ಸಂತೋಷ. ಆದರೆ ತಮ್ಮ ಕಚೇರಿಯಲ್ಲಿ ತೂಗುಹಾಕಿರುವುದು ಕಂಪ್ಯೂಟರಿನಲ್ಲಿ ಮೈ ತೊಳೆಸಿಕೊಂಡ ಪ್ರತಿ. ಅಸಲು ನಮ್ಮ ಚರ್ಚಿನಲ್ಲೇ ಇದೆ. ಅದರಲ್ಲಿ ಮುಂಬಾಗಿಲ ಮುಂದೆ ರುಮಾಲಿನ ದೊಡ್ಡವರು ಗೊಂಬೆಗಳ ಹಾಗೆ ನಿಂತಿದ್ದಾರೆ. ಚಿಕ್ಕ ಬಾಗಿಲ ಹತ್ತಿರ ಮಾತ್ರ ಹೊಗೆಯಂಥ ಬಿಳಿ ಕಲೆ. ತಮ್ಮ ಪ್ರತಿಯಲ್ಲಿ ಅದೆಲ್ಲಿ ಹೋಯಿತೆಂದು ಕೇಳಿದ್ದಕ್ಕೆ ತಾವು ಅಂದದ್ದು ನೆನಪಿದೆಯೇ? "ಅದು ಬೂಷ್ಟು ಕಣಮ್ಮ, ಕ್ಲೀನ್ ಮಾಡಿಸಿದ್ವಿ." ಕ್ಲೀನ್ ಮಾಡಿದ ಪುಣ್ಯಾತ್ಮ ಕಲೆಯ ಜೊತೆ ಬಾಗಿಲನ್ನೂ ಒರೆಸಿಬಿಟ್ಟಿದ್ದಾನೆ.

ಬೂಷ್ಟಲ್ಲ ಸ್ವಾಮಿ, ಅದು ನಮ್ಮ ಮುತ್ತಜ್ಜಿ ಮುದ್ದಮ್ಮ, ಅವಳ ಜೊತೆಗೆ ನಮ್ಮ ಕೇರಿಯವರು.

ಆಗಿನ ಕ್ಯಾಮೆರಾ ನಿಧಾನದ್ದು. ಅಲುಗಾಡದೆ ನಿಂತವರು ಮೂಡಿದರು, ನಡೆದವರು ಹೊಗೆಯಾದರು. ದೊಡ್ಡವರಿಗೆ ಅಲ್ಲಾಡಬೇಡಿ ಎಂದು ಹೇಳಿ ನಿಲ್ಲಿಸಿದ್ದರು. ನಮ್ಮವರಿಗೆ ಯಾರು ಹೇಳುತ್ತಾರೆ? ಒಂದೇ ದೇವರ ಮನೆಗೆ ಎರಡು ಬಾಗಿಲು, ನಮಗೆ ಬಿಟ್ಟದ್ದು ಚಿಕ್ಕದು. ಮುದ್ದಮ್ಮನ ಮಾತನ್ನು ನಮ್ಮಜ್ಜಿ ಸಾಯುವ ತನಕ ಹೇಳುತ್ತಿದ್ದಳು: "ಪೋಟ ತಗೀವಾಗ ನಮ್ಮನ್ನ ನಿಂತ್ಕಳಿ ಅನ್ನೋರೇ ಇರ್ನಿಲ್ಲ ಕಣವ್ವ. ನಮ್ ಪಾಡ್ಗೆ ನಾವು ಒಳೀಕೆ ಓಯ್ತಿದ್ದೊ."

ಆ ಬಾಗಿಲೇನು ನಮಗೆ ಹೆಮ್ಮೆಯೇ? ಅಲ್ಲ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಈಗ ಎಲ್ಲರೂ ಮುಂಬಾಗಿಲಲ್ಲೇ ಹೋಗುತ್ತೇವಲ್ಲ, ಹಳೇ ಗಾಯ ಯಾಕೆ ಕೆರೆಯುತ್ತೀಯ ಎಂದು ನಮ್ಮವರೇ ಕೆಲವರು ಬೈದರು. ಗಾಯ ನಮ್ಮದು, ಮುಚ್ಚುವ ಆತುರ ತಮಗೇಕೆ? ಅಂದು ಮುಂಬಾಗಿಲಿಗೆ ಸೇರಿಸಲಿಲ್ಲ. ಇಂದು ಪಕ್ಕದ ಬಾಗಿಲೂ ಇರಲಿಲ್ಲ ಎನ್ನುತ್ತೀರಿ. ಹಾಗಾದರೆ ಮುದ್ದಮ್ಮ ಒಳಗೆ ಹೋದದ್ದು ಗೋಡೆ ತೂರಿಕೊಂಡೇ?

ಆದೇಶ ವಾಪಸು ತೆಗೆದುಕೊಳ್ಳಿ. ಕಲೆಯಿರುವ ಫೋಟೋವನ್ನೇ ತಮ್ಮ ಗೋಡೆಗೆ ಹಾಕಿಸಿ, ಅದು ಯಾರೆಂದು ಕೆಳಗೆ ಬರೆಸಿ. ಇಲ್ಲ, ಇಟ್ಟಿಗೆ ಇಳಿಸಿಯೇ ಸಿದ್ಧ ಎನ್ನುವುದಾದರೆ, ಅಂದು ಆ ಚಿಕ್ಕ ಬಾಗಿಲ ಹೊಸ್ತಿಲ ಮೇಲೆ ನಾನು ಕೂತಿರುತ್ತೇನೆ. ತಮ್ಮ ಫೋಟೋದವರನ್ನೂ ಕರೆತನ್ನಿ. ಈ ಸಲ ನಾವು ಅಲುಗಾಡುವುದಿಲ್ಲ.

ಇಂತಿ,
ತಾವು ಒರೆಸಿದ ಬೂಷ್ಟಿನ ಮರಿಮಗಳು,
ಇಂದ್ರಾಣಿ