ಮೂರು ಕೆಜಿ ಮೊಲ

ಸೆಪ್ಟೆಂಬರ್ ೧೪, ಭಾನುವಾರ

ಪುಟ್ಟಿಯ ಅಪ್ಪನಿಗೆ,

ನಾವು ಕ್ಷೇಮ. ನೀವೂ ಹಾಗೇ ಇದ್ದೀರೆಂದುಕೊಂಡು ಬರೆಯುತ್ತಿದ್ದೇನೆ. ನಿಮ್ಮ ಎರಡು ಪತ್ರಗಳಿಗೂ ಉತ್ತರ ಹಾಕಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಫೋನಿನಲ್ಲೇ ಹೇಳೋಣವೆಂದರೆ ನೀವು ಕಟ್ಟುತ್ತಿರುವ ಆ ಸೇತುವೆಯಿಂದ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ತಡವಾಗಿದ್ದಕ್ಕೆ ಕಾರಣ, ಹೊರಡುವ ವಾರ ನೀವು ಅಂಗಿಯೊಳಗೆ ಬಚ್ಚಿಟ್ಟು ತಂದ ಆ ಮೊಲ.

ಪುಟ್ಟಿ ಅದಕ್ಕೆ ಸಾಹೇಬ ಎಂದು ಹೆಸರಿಟ್ಟಿದ್ದಾಳೆ. ಹೆಸರಿಗೆ ತಕ್ಕ ಹಾಗೆ ಹೊಟ್ಟೆಯೂ ಬಂದಿದೆ. ಎರಡು ತಿಂಗಳ ಹಿಂದೆಯೇ ಪಶು ಆಸ್ಪತ್ರೆಯ ಡಾಕ್ಟರಮ್ಮ ತೂಕ ಜಾಸ್ತಿ ಎಂದು ಪಥ್ಯ ಹೇಳಿದರು. ಇಡೀ ದಿನ ಒಣಹುಲ್ಲು, ಒಂದು ಹಿಡಿ ಸೊಪ್ಪು, ಎರಡು ಚಮಚ ಕಾಳು, ಅಷ್ಟೇ. ಚಾಚೂ ತಪ್ಪದೆ ನಡೆಸಿದೆ. ಹೊಲಿಗೆಯ ನಡುವೆ ಎದ್ದುಹೋಗಿ ಹಿಕ್ಕೆ ಎಣಿಸುತ್ತೇನೆ. ಸಣ್ಣಗಿದ್ದರೆ ಒಂದು ಚಿಂತೆ, ಮೆತ್ತಗಿದ್ದರೆ ಇನ್ನೊಂದು. ಮದುವೆಯಾಗಿ ಬಂದಾಗ ಈ ಕೆಲಸವೂ ಇದೆ ಎಂದು ಯಾರೂ ಹೇಳಿರಲಿಲ್ಲ.

ಇಷ್ಟು ಮಾಡಿದರೂ ತೂಕ ಏರುತ್ತಲೇ ಹೋಯಿತು! ನಿಮ್ಮ ತಕ್ಕಡಿಯೇ ಕೆಟ್ಟಿದೆ ಎಂದು ಡಾಕ್ಟರಮ್ಮನ ಹತ್ತಿರ ವಾದ ಮಾಡಿದೆ. ನನ್ನ ಹಟ ಕಂಡು ನೀವು ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಿದ್ದಿರಲ್ಲ, ಅಲ್ಲಿ ನಿಜವಾದ ಮೊಲ ಹಿಡಿದುಕೊಂಡೇ ಹಾಗೆ ಜಗಳವಾಡಿದೆ.

ಬುಧವಾರ ಬೆಳಿಗ್ಗೆ ಹುಲ್ಲು ಮುಟ್ಟಲಿಲ್ಲ. ಒಂದೇ ಒಂದು ಹಿಕ್ಕೆಯೂ ಇಲ್ಲ. ಹೊಟ್ಟೆ ಚೆಂಡಿನ ಹಾಗೆ ಬಿಗಿದುಕೊಂಡು ಮೂಲೆಯಲ್ಲಿ ಮುದುಡಿ ಕೂತಿತ್ತು. ಅರ್ಧ ಹೊಲಿದ ಕೋಟನ್ನು ಹಾಗೇ ಬಿಟ್ಟು, ಪುಟ್ಟಿಯನ್ನೂ ಕರೆದುಕೊಂಡು ಓಡಿದೆ.

“ಬ್ರೆಡ್ಡು, ಬಾಳೆಹಣ್ಣು ಯಾರ್ರೀ ತಿನ್ಸಿದ್ದು? ಇದರ ಕರುಳೇ ನಿಂತುಹೋಗಿದೆ. ನಾಳೆ ತಂದಿದ್ರೆ ಉಳೀತಿರ್ಲಿಲ್ಲ,” ಎಂದರು ಡಾಕ್ಟರಮ್ಮ. ತಕ್ಕಡಿಯ ಮೇಲಿಟ್ಟು, “ನೋಡಿ, ಮೂರು ಕೆಜಿ ದಾಟಿದೆ!” ಎಂದು ಗದರಿದರು.

ಪುಟ್ಟಿ ನಕ್ಕಳು. ಬಾಯಿ ತುಂಬ ನಕ್ಕಳು. ಮೂಕಪ್ರಾಣಿ ಸಾಯುತ್ತಿರುವಾಗ ಇದೇನು ನಗು ಎಂದು ನನಗೆ ಮೈಯೆಲ್ಲ ಉರಿದು, ಎಲ್ಲರೆದುರೇ ಕೆನ್ನೆಗೆ ಬಾರಿಸಿಬಿಟ್ಟೆ. ಅವಳು ಅಳಲೂ ಇಲ್ಲ.

ಎರಡು ದಿನ ಸಿರಿಂಜಿನಲ್ಲಿ ಗಂಜಿಯಂಥ ಔಷಧ ಕುಡಿಸಿ, ಹೊಟ್ಟೆ ನೀವಿ ನೀವಿ ಬೆರಳು ಸೋತವು. ಶುಕ್ರವಾರ ಬೆಳಿಗ್ಗೆ ಏಳು ಹಿಕ್ಕೆ ಹಾಕಿತು. ನಗಬೇಡಿ, ಖುಷಿಯಲ್ಲಿ ಕಣ್ಣೀರು ಬಂತು. ಈಗ ಹುಲ್ಲು ತಿನ್ನುತ್ತಿದೆ.

ಬ್ರೆಡ್ಡು ಕೊಡುತ್ತಿದ್ದವಳು ಪುಟ್ಟಿಯೇ. ತನ್ನ ಬೆಳಗಿನ ತಿಂಡಿ, ಶಾಲೆಯ ಡಬ್ಬಿಯ ಹಣ್ಣು, ಎಲ್ಲ ಅದರ ಬಾಯಿಗೆ. ಈ ಎರಡು ತಿಂಗಳಲ್ಲಿ ಅವಳ ಶಾಲೆಯ ಲಂಗದ ಸೊಂಟ ಎರಡು ಸಲ ಒಳಗೆ ಹಿಡಿದು ಹೊಲಿದಿದ್ದೇನೆ, ಬಟ್ಟೆ ಜಗ್ಗಿದೆ ಎಂದುಕೊಂಡು! ಊರಿನವರ ಅಳತೆಯೆಲ್ಲ ನನ್ನ ಬಾಯಲ್ಲಿದೆ, ಮಗಳ ಮೈ ಇಳಿದದ್ದು ಕಾಣಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು. ನಿಮ್ಮ ಮೇಲೂ ಇದೆ. ಮೂರು ತಿಂಗಳೆಂದು ಹೋದವರು ನೀವು, ಹತ್ತಾಯಿತು.

ಎತ್ತರದಲ್ಲಿ ಬೆಸುಗೆ ಹಾಕುವಾಗ ಸೊಂಟದ ಹಗ್ಗ ಬಿಚ್ಚಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಎಲ್ಲಿದ್ದರೂ ತಣ್ಣಗಿರಿ.

ನಿಮ್ಮ
ಮೊಲದ ಆಯಾ

ತಾ.ಕ.: ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ, ಮತ್ತೆ ಬರೆಯುತ್ತಿದ್ದೇನೆ. ಬುಧವಾರದಿಂದ ಪುಟ್ಟಿ ದಿನಾ ಸಂಜೆ ಒಳ್ಳೆಯ ಫ್ರಾಕು ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಾಳೆ. ಇವತ್ತು ಯಾಕೆಂದು ಕೇಳಿದೆ. “ಇದು ಮೂರು ಕೆಜಿ ಆಗೋ ಅಷ್ಟೊತ್ತಿಗೆ ಬಂದ್ಬಿಡ್ತೀನಿ ಅಂತ ಅಪ್ಪ ಹೇಳಿದ್ರು. ನೀನು ಪಥ್ಯ ಮಾಡಿಸ್ತಿದ್ಯಲ್ಲ, ಅದಕ್ಕೇ ನಂದು ಕೊಟ್ಟೆ,” ಎಂದಳು. ಹೊರಡುವ ಗಡಿಬಿಡಿಯಲ್ಲಿ ಮಗು ಅಳದಿರಲಿ ಎಂದು ಆಡಿದ ಮಾತಿರಬೇಕು, ನಿಮಗೆ ನೆನಪೂ ಇರಲಾರದು. ಸಾಹೇಬನ ತೂಕ ಇಳಿಸಲೇಬೇಕು, ಇಲ್ಲದಿದ್ದರೆ ಅದು ಉಳಿಯುವುದಿಲ್ಲ. ಹಾಗೆಂದು ಹೇಳಿದರೆ, “ಇಳಿಸಿದ್ರೆ ಅಪ್ಪ ದಾರೀಲೇ ವಾಪಸ್ ಹೋಗ್ಬಿಡ್ತಾರಾ?” ಎಂದು ಕೇಳುತ್ತಿದ್ದಾಳೆ. ಇದಕ್ಕೆ ಉತ್ತರ ನನಗೆ ಬೇಡ, ಅವಳಿಗೆ ಬರೆಯಿರಿ.