ಟಿವಿಯೊಳಗಿನ ಹೊಗೆ

ಶಿಕಾರಿಪುರ
೫-೧-೨೦೨೬, ಸೋಮವಾರ

ನನ್ನ ಮುದ್ದಿನ ಮೊಮ್ಮಗಳು ಶರಣ್ಯವ್ವನಿಗೆ ಅಜ್ಜ ಮಹೇಶ್ವರಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಹಾವೇರಿಯಲ್ಲಿ ಚಳಿ ಎಷ್ಟಿದೆ? ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡಿಲ್ಲ ತಾನೆ? ಬಿಸಿನೀರು ಕುಡಿ. ನಾನಂತೂ ಗುಂಡುಕಲ್ಲಿನಂತಿದ್ದೇನೆ. ನಿನ್ನ ಸಿಟ್ಟು ನನಗೆ ಗೊತ್ತಿದೆ. ಯುಗಾದಿಗೆ ಬಂದಾಗ ಸೊರಬದ ಸರ್ವೆಯರ್ ಹುಡುಗ ಸಿದ್ಧಲಿಂಗೇಶನ ಫೋಟೋ ತಂದು, ಇವನನ್ನೇ ಮದುವೆಯಾಗುತ್ತೇನೆ ಅಂದೆ. ನಾನು ಬೇಡ ಅಂದೆ. ಅಂದು ಹೋದವಳು ಪಂಚಮಿಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೂ ಪೂರ್ತಿ ಓದಿ ಹರಿ.

ಮೊದಲು ಟಿವಿಯ ಸುದ್ದಿ ಕೇಳು. ನೀನು ಐದನೇ ಕ್ಲಾಸಿನಲ್ಲಿದ್ದಾಗ ತಂದ ನಮ್ಮ ಟಿವಿಯಲ್ಲಿ ಎರಡು ವರ್ಷದಿಂದ ಹೊಗೆ ಹೊಗೆ. ವಾರ್ತೆ ಓದುವವಳಿಗೆ ಮೂಗೇ ಇಲ್ಲ. ಕಬಡ್ಡಿ ಹಾಕಿದರೆ ಒಂದೊಂದು ತಂಡದಲ್ಲಿ ಏಳು ಜನರ ಬದಲು ಹದಿನಾಲ್ಕು ಜನ! ಮೆಕಾನಿಕ್ ಮುಕ್ತಾರ್ ಅಹಮದನನ್ನು ಮೂರು ಸಲ ಕರೆಸಿದೆ. ಬಿಚ್ಚಿದ, ಒರೆಸಿದ, ವೈರು ಬದಲಾಯಿಸಿದ. ಕೊನೆಗೆ 'ಅಜ್ಜಾರೇ, ಟಿವಿಗೇನೂ ಆಗಿಲ್ರೀ' ಅಂದ. ನಿನಗೆ ಕಸುಬು ಮರೆತಿದೆ ಹೋಗಯ್ಯಾ ಅಂತ ಬೈದು ಕಳಿಸಿದೆ. ನಿನ್ನಮ್ಮ ಜಗದಾಂಬ, 'ಮಾವಾರೇ, ನನಗೆಲ್ಲಾ ಚೆಂದ ಕಾಣತೈತಲ್ರೀ' ಅಂದಳು. ಧಾರಾವಾಹಿ ನೋಡಿ ನೋಡಿ ನಿನ್ನ ಕಣ್ಣೇ ಹಾಳಾಗಿದೆ ಅಂತ ಅವಳಿಗೂ ಜಾಡಿಸಿದೆ. ನಿನ್ನಪ್ಪ ಮಹಾಂತೇಶನಿಗೋ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಗೋಡೆ ತುಂಬುವ ಹೊಸ ಟಿವಿಯ ಮೇಲೆ ಅವನಿಗೆ ಮೊದಲಿಂದಲೂ ಕಣ್ಣಿತ್ತು. ತರೋಣವೋ ಬೇಡವೋ ಅಂತ ಒಂದು ತಿಂಗಳು ಮನೆಯಲ್ಲಿ ಜಗ್ಗಾಟ. ಕೊನೆಗೆ ನಾನೇ ತೀರ್ಮಾನ ಕೊಟ್ಟೆ: ತರೋಣ, ಆದರೆ ಆರಿಸುವವನು ನಾನು.

ನಾನಲ್ಲದೆ ಇನ್ಯಾರು ಆರಿಸಬೇಕು? ಈ ಸುತ್ತಿನಲ್ಲಿ ಎತ್ತು ಕೊಳ್ಳುವವರಾಗಲಿ, ಗಂಡು ನೋಡುವವರಾಗಲಿ ನನ್ನನ್ನು ಕರೆಯದೆ ಹೊರಟವರುಂಟೇ? ಮಹೇಶ್ವರಪ್ಪನ ಕಣ್ಣಿಗೆ ಬಂದರೆ ಮುಗೀತು ಅಂತ ಜನ ಹೇಳುತ್ತಿದ್ದರು. ನವೆಂಬರಿನಲ್ಲಿ ನಿನ್ನಪ್ಪ ಭತ್ತ ಮಾರಲು ಸೊರಬಕ್ಕೆ ಹೊರಟಾಗ ನಾನೂ ಗಾಡಿ ಹತ್ತಿದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ದೊಡ್ಡ ಅಂಗಡಿ. ಶಾಹಿಸ್ತಾ ಅಂತ ಒಬ್ಬಳು ಹುಡುಗಿ, ಬಹಳ ಮರ್ಯಾದಸ್ತೆ, ಒಂದೊಂದೇ ಟಿವಿ ಹಾಕಿ ತೋರಿಸಿದಳು. ಮೊದಲನೆಯದರಲ್ಲಿ ಹೊಗೆ. ಎರಡನೆಯದರಲ್ಲಿ ಹೊಗೆ. ಆರು ಟಿವಿ ಬೇಡ ಅಂದೆ. ಏಳನೆಯದು ಬಾಗಿಲಷ್ಟು ದೊಡ್ಡದು, ಅದರಲ್ಲೂ ಹೊಗೆ! ಹೊಸ ಮಾಲು ಅಂತ ಹಳೇದನ್ನು ಮಾರುತ್ತೀರಾ ಅಂತ ಅಂಗಡಿ ಹಾರಿ ಹೋಗುವ ಹಾಗೆ ಕೂಗಿದೆ. ಆ ಹುಡುಗಿ ಸಿಟ್ಟಾಗಲಿಲ್ಲ. 'ಅಜ್ಜಾ, ಇದರ ಮೇಲೆ ಚೀಟಿ ಅಂಟಿಸಿದೀವಲ್ಲ, ಏನು ಬರೆದಿದೆ ಓದಿ ನೋಡಣ' ಅಂದಳು. ಬಿಳಿ ಚೀಟಿ ಇರುವುದು ಕಂಡಿತು, ಅಕ್ಷರ ಕಾಣಲಿಲ್ಲ. ಸೋಲುವ ಜೀವವೇ ನನ್ನದು? 'ಇಪ್ಪತ್ತೆಂಟು ಸಾವಿರ, ಬಾಳ ಆತು, ಇಳಿಸು' ಅಂದುಬಿಟ್ಟೆ. ಚೀಟಿಯಲ್ಲಿ ಬರೆದದ್ದು 'ಮಾರಾಟವಾಗಿದೆ' ಅಂತ.

ನಿನ್ನಪ್ಪ ನನ್ನ ಕೈ ಹಿಡಿದು ಮೆಟ್ಟಿಲು ಇಳಿಸಿದ. ಆವತ್ತು ನನಗಾದ ನಾಚಿಕೆ ಶತ್ರುವಿಗೂ ಬೇಡ. ಮನೆಗೆ ಬಂದರೆ ನಿನ್ನಮ್ಮ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತಲ್ಲ ಅಂತ ನಕ್ಕಳು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಡಾಕ್ಟರಿಗೆ ತೋರಿಸಿದರೆ, ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಅಂದರೆ ನನಗೆ ಹೆದರಿಕೆಯಾದದ್ದು ನಿಜ, ಆದರೂ ಹೋದೆ. ಬಲಗಣ್ಣು ಮುಗಿಯಿತು, ಎಡಗಣ್ಣು ಮುಂದಿನ ತಿಂಗಳು. ಪಟ್ಟಿ ಬಿಚ್ಚಿಸಿಕೊಂಡು ಬಂದವನೇ ನಮ್ಮ ಹಳೇ ಟಿವಿ ಹಾಕಿಸಿದೆ. ಅಬ್ಬಬ್ಬಾ! ವಾರ್ತೆಯವಳಿಗೆ ಮೂಗಷ್ಟೇ ಅಲ್ಲ, ಮೂಗುಬೊಟ್ಟೂ ಇದೆ. ಕಬಡ್ಡಿಯಲ್ಲಿ ತಂಡಕ್ಕೆ ಎಣಿಸಿ ಏಳೇ ಜನ. ಮುಕ್ತಾರನನ್ನು ಕರೆಸಿ, ತಪ್ಪಾಯಿತಪ್ಪಾ ಅಂದೆ. 'ಟಿವಿ ಬಿಚ್ಚೋ ಬದ್ಲು ನಿಮ್ಮ ಕಣ್ಣು ನೋಡಬೇಕಿತ್ರೀ ಅಜ್ಜಾರೇ' ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಸ ಟಿವಿ ರದ್ದು. ನಿನ್ನಪ್ಪ ಮುಖ ಊದಿಸಿಕೊಂಡಿದ್ದಾನೆ, ಊದಿಸಿಕೊಳ್ಳಲಿ. ಆ ಊದಿದ ಮುಖವೂ ನನಗೀಗ ಎಷ್ಟು ಚೆಂದ ಕಾಣುತ್ತದೆ ಗೊತ್ತೇ?

ಈಗ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಟಿವಿಯ ಹೊಗೆಯನ್ನು ನಾನು ಟಿವಿಯದೇ ಅಂತ ನಂಬಿದ್ದೆ. ನೀನು ತಂದ ಆ ಹುಡುಗನ ಫೋಟೋದ ವಿಷಯದಲ್ಲಿ ಹಾಗಲ್ಲ. ಕೈಯಲ್ಲಿ ಹಿಡಿದಾಗ ಅಂಗಿ ಕಂಡಿತು, ಅದರ ಮೇಲೆ ಮುಖ ಅನ್ನುವುದೇ ಕಾಣಲಿಲ್ಲ. ಕಾಣಲಿಲ್ಲ ಅನ್ನಲು ಬಾಯಿ ಬರಲಿಲ್ಲವವ್ವಾ. ಊರಿಗೆಲ್ಲ ಗಂಡು ನೋಡಿಕೊಟ್ಟವನು, ಸ್ವಂತ ಮೊಮ್ಮಗಳ ಗಂಡು ಕಾಣುವುದಿಲ್ಲ ಅಂತ ಹೇಗೆ ಹೇಳಲಿ? 'ಮುಖದಾಗ ಕಳಿ ಇಲ್ಲ, ಬ್ಯಾಡ' ಅಂದೆ. ನನ್ನ ಮಾತನ್ನು ನಂಬಿ ನಿನ್ನಪ್ಪ ಆ ಸಂಬಂಧಕ್ಕೆ ಬಾಗಿಲು ಹಾಕಿದ. ಒಂಬತ್ತು ತಿಂಗಳು ನಿನ್ನನ್ನು ಅಳಿಸಿದ್ದು ಆ ಹುಡುಗನ ಮುಖವಲ್ಲ, ಈ ಮುದುಕನ ಜಂಬ. ನನ್ನದು ತಪ್ಪು. ನಿನ್ನ ಅಪ್ಪ ಅಮ್ಮನ ಎದುರಿಗೂ ಇದನ್ನೇ ಹೇಳಿದ್ದೇನೆ. ನಿನ್ನಮ್ಮ ಕಪಾಟಿನಿಂದ ಫೋಟೋ ತೆಗೆದುಕೊಟ್ಟಳು. ಅಗಲ ಹಣೆ, ನಗು ತಡೆದುಕೊಂಡ ತುಟಿ. ಕಳೆ ಇಲ್ಲ ಅಂದ ನನ್ನ ಬಾಯಿಗೆ ಮಣ್ಣು ಹಾಕಬೇಕು.

ತೊಗರ್ಸಿ ಮಲ್ಲಿಕಾರ್ಜುನ ನಿನ್ನನ್ನು ತಣ್ಣಗಿಟ್ಟಿರಲಿ. ಅಪ್ಪ, ಅಮ್ಮ ಕೇಳಿದ್ದಾರೆ. ಕಾಗದ ಪೂರ್ತಿ ನಾನೇ ಬರೆದದ್ದು, ಸಾಲು ಎಲ್ಲಿಯೂ ಸೊಟ್ಟಗಿಲ್ಲ ನೋಡು.

ಇಂತಿ ನಿನ್ನ ಅಜ್ಜ,
ಮಹೇಶ್ವರಪ್ಪ

ತಾ.ಕ.: ಮೊನ್ನೆ ಶುಕ್ರವಾರ ಯಾರಿಗೂ ಹೇಳದೆ, ಬೋರ್ಡು ನಾನೇ ಓದಿ, ಸೊರಬದ ಬಸ್ಸು ಹತ್ತಿದೆ. ಫೋಟೋ ನಂಬಿ ಒಮ್ಮೆ ಕೆಟ್ಟಿದ್ದೇನೆ, ಈ ಸಲ ಆಳನ್ನೇ ನೋಡಬೇಕಿತ್ತು. ಹುಡುಗ ಕಚೇರಿಯಲ್ಲಿ ಕುರ್ಚಿ ಕೊಟ್ಟು, 'ಅಜ್ಜಾ, ಯಾವ ಸರ್ವೆ ನಂಬರು?' ಅಂದ. ಜಮೀನಿನ ಕೆಲಸವಲ್ಲಪ್ಪಾ, ನಾನು ಶರಣ್ಯಳ ಅಜ್ಜ ಅಂದೆ. ಅವನ ಕೈಯಲ್ಲಿದ್ದ ಪೆನ್ನು ಬಿದ್ದುಹೋಯಿತು. ಅವನು ಗಾಬರಿಯಲ್ಲಿ ಎಲ್ಲೆಲ್ಲೋ ತಡಕಾಡುತ್ತಿದ್ದ, ಮೇಜಿನ ಕಾಲ ಹತ್ತಿರ ಇದ್ದದ್ದು ಕಂಡು ಎತ್ತಿಕೊಟ್ಟವನು ನಾನು! ಇಷ್ಟು ದಿನ ಬೇರೆ ಕಡೆ ಹೆಣ್ಣು ನೋಡಲು ಒಪ್ಪಿಲ್ಲವಂತೆ. ನಿನ್ನಪ್ಪ ಒಪ್ಪಿಯಾಯಿತು. ಸಂಕ್ರಾಂತಿ ಕಳೆದ ಭಾನುವಾರ ಅವರ ಮನೆಯವರೆಲ್ಲ ಹೆಣ್ಣು ನೋಡಲು ಬರುತ್ತಾರೆ. ಬಾರೇ ತಾಯಿ. ನೀನಿಲ್ಲದಿದ್ದರೆ ಅವರಿಗೆ ನಾನು ಟಿವಿ ತೋರಿಸಲೇನು?